ಇಬ್ಬರಿಗೂ ನಡುಮಧ್ಯ ಮನೆ ಬೇಕೇ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಬೆಂಗಳೂರಿನಲ್ಲಿ ಮನೆ ಎಲ್ಲಿ ಮಾಡೋಣ? ಅವುಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಯಿತು. ಬ್ಯಾಂಕಿನಲ್ಲಿದ್ದ 31 ವರ್ಷದಲ್ಲಿ ಈ ಊರಿನೊಳಗೇ ಏಳು ಮನೆ ಬದಲಾಯಿಸಿದವಳು ನಾನು. ಸಾಮಾನು ಕಟ್ಟುವ ವಿಷಯ ಬಂದರೆ ಮಾತು ನಿಲ್ಲುವುದಿಲ್ಲ.

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 33 ವರ್ಷ, ನಮ್ಮವರಿಗೆ 36. ನನ್ನ ಆಫೀಸು ವೈಟ್‌ಫೀಲ್ಡ್ ಕಡೆ, ಐಟಿಪಿಎಲ್ ಹತ್ತಿರ. ವಾರಕ್ಕೆ ಮೂರು ದಿನ ಹೋದರೆ ಸಾಕು. ಅವರದು ಎಲೆಕ್ಟ್ರಾನಿಕ್ ಸಿಟಿ. ಲ್ಯಾಬ್ ಕೆಲಸ, ಐದು ದಿನವೂ ಹೋಗಲೇಬೇಕು. ಈಗ ಮೂಡಲಪಾಳ್ಯದಲ್ಲಿ 22,000 ರೂಪಾಯಿ ಬಾಡಿಗೆಯ ಎರಡು ಬೆಡ್‌ರೂಮಿನ ಮನೆಯಲ್ಲಿದ್ದೇವೆ. ಮೆಟ್ರೋಗೆ ಹೋಗಬೇಕೆಂದರೆ ಆಟೋ ಹಿಡಿಯಬೇಕು. ಅವರು ಕಾರಿನಲ್ಲಿ ನೈಸ್ ರಸ್ತೆ ಮೇಲೆ ಹೋಗಿ ಬರುತ್ತಾರೆ, ರಾತ್ರಿ ಬಂದಾಗ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಮಗಳಿಗೆ ಮೂರೂವರೆ ವರ್ಷ, ಬರುವ ಜೂನ್‌ಗೆ ಎಲ್‌ಕೆಜಿ. ಬೆಳ್ಳಂದೂರಿನಲ್ಲಿ ಒಂದು ಫ್ಲ್ಯಾಟ್ ನೋಡಿದ್ದೇವೆ. ಬಾಡಿಗೆ 46,000, ಮೇಂಟೆನೆನ್ಸ್ 5,000. ಈಜುಕೊಳ, ಜಿಮ್ ಎಲ್ಲ ಇದೆ. ಇಬ್ಬರ ಆಫೀಸಿಗೂ ನಡುಮಧ್ಯ ಅಂತ ನಮ್ಮವರ ಲೆಕ್ಕ. ನಮ್ಮ ಮಾವನವರು ಮಾತ್ರ, ‘ಅಷ್ಟು ದುಡ್ಡು ಕೊಡೋದಾದ್ರೆ ಜಯನಗರದಲ್ಲಿ ಮಾಡಿ, ಹೇಳಿಕೊಳ್ಳೋಕಾದ್ರೂ ಒಂದು ಹೆಸರು’ ಅನ್ನುತ್ತಾರೆ. ಅಮ್ಮ ಅತ್ತಿಗುಪ್ಪೆಯಲ್ಲಿದ್ದಾರೆ, ಮಗು ಹಗಲೆಲ್ಲ ಅಲ್ಲೇ ಇರುತ್ತೆ. ಏನು ಮಾಡೋಣ?
— ಹೆಸರು ಬೇಡ, ಮೂಡಲಪಾಳ್ಯ

ಉತ್ತರ: ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಾಡಿಗೆ ಎಷ್ಟು, ಮೇಂಟೆನೆನ್ಸ್ ಎಷ್ಟು, ಜಿಮ್ ಇದೆಯಾ ಎಲ್ಲ ಬರೆದಿದ್ದೀರಿ. ಕೊನೆಗೆ, ಮರೆತಿದ್ದು ನೆನಪಾದ ಹಾಗೆ, ಅಮ್ಮನ ವಿಷಯ ಒಂದೇ ಒಂದು ಸಾಲು. ನನ್ನ ಉತ್ತರ ಪೂರ್ತಿ ಆ ಸಾಲಿನಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಈ ನಡುಮಧ್ಯದ ಮನೆ.

ನಕ್ಷೆಯಲ್ಲಿ ನೋಡಿದರೆ ನಿಮ್ಮ ಯಜಮಾನರ ಲೆಕ್ಕ ಸರಿಯೇ. ಬೆಳ್ಳಂದೂರಿನಿಂದ ಆ ಕಡೆಗೂ ಈ ಕಡೆಗೂ ಹೆಚ್ಚುಕಡಿಮೆ ಸಮ ದೂರ. ಆದರೆ ನೀವು ನಕ್ಷೆ ಮೇಲೆ ಓಡಾಡುವುದಿಲ್ಲ, ರಸ್ತೆ ಮೇಲೆ ಓಡಾಡುತ್ತೀರಿ. ಅವರು ಸಿಲ್ಕ್ ಬೋರ್ಡ್ ಕಡೆಯ ಜನರ ಜೊತೆ ನಿಲ್ಲಬೇಕು, ನೀವು ಮಾರತಹಳ್ಳಿ ಕಡೆಯವರ ಜೊತೆ. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ. ಅದು ಸರಾಸರಿ ಅನ್ನುವುದನ್ನು ನೆನಪಿಡಿ. ರಾತ್ರಿ ಹನ್ನೊಂದರ ಖಾಲಿ ರಸ್ತೆಯೂ ಅದರಲ್ಲಿ ಸೇರಿದೆ, ಸಂಜೆ ಆರರ ಹೊರವರ್ತುಲ ರಸ್ತೆಯೂ ಸೇರಿದೆ. ಆ ರಸ್ತೆ ಮೇಲೆ ನೀಲಿ ಮಾರ್ಗದ ಮೆಟ್ರೋ ಬರುತ್ತದೆ, ಸರಿ. ನಾನು ಇದನ್ನು ಬರೆಯುವಾಗ ಅಲ್ಲಿರುವುದು ಕಂಬ ಮತ್ತು ಕೆಲಸದ ಧೂಳು. 2022ರ ಸೆಪ್ಟೆಂಬರ್ ಮಳೆಯಲ್ಲಿ ಅದೇ ಭಾಗದ ಸಾಫ್ಟ್‌ವೇರ್ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ನಡುಮಧ್ಯದ ಮನೆ ಎಂದರೆ ಒಬ್ಬರ ಕಷ್ಟ ಇನ್ನೊಬ್ಬರಿಗೂ ಹಂಚಿದ ಹಾಗೆ. ಯಾರ ಕಷ್ಟವೂ ಕಳೆಯುವುದಿಲ್ಲ.

ಈಗ ದುಡ್ಡು. ಬ್ಯಾಂಕಿನವಳು, ಬಿಡೋಕಾಗಲ್ಲ. ಆ ಫ್ಲ್ಯಾಟಿಗೆ ತಿಂಗಳಿಗೆ 51,000. ಈಗ ಕೊಡುವುದು 22,000. ಹೆಚ್ಚಿಗೆ 29,000. ಅವರಿಗೆ ಒಂದೊಂದು ಸಲಕ್ಕೆ ಅರ್ಧ ಗಂಟೆ ಉಳಿಯುತ್ತದೆ ಅಂದುಕೊಳ್ಳೋಣ. ತಿಂಗಳಿಗೆ 22 ದಿನ, 22 ಗಂಟೆ. ನಿಮಗೆ ಇಪ್ಪತ್ತು ನಿಮಿಷ ಉಳಿದರೆ 13 ದಿನಕ್ಕೆ ಎಂಟೂಮುಕ್ಕಾಲು ಗಂಟೆ ಹತ್ತಿರ. ಎರಡೂ ಸೇರಿ 31 ಗಂಟೆ ಅಂತಲೇ ಇಟ್ಟುಕೊಳ್ಳಿ. ಒಂದು ಗಂಟೆಯನ್ನು 900 ರೂಪಾಯಿಗೂ ಮೇಲೆ ಕೊಟ್ಟು ಕೊಂಡ ಹಾಗಾಯಿತು. ಇನ್ನು ಮಗುವನ್ನು ಹಗಲು ಬಿಡಲು ಡೇಕೇರ್ ಬೇಕು, ಅದರ ಫೀಸು ನಾನು ಹಿಡಿದಿಲ್ಲ. ಅಡ್ವಾನ್ಸ್ ಹಿಡಿದಿಲ್ಲ. ಈಜುಕೊಳ ಇದೆ ಅಂದಿರಿ. ಕೊನೆಯ ಸಲ ಈಜಿದ್ದು ಯಾವಾಗ ಅಂತ ಇಬ್ಬರೂ ಒಮ್ಮೆ ಕೇಳಿಕೊಳ್ಳಿ.

ಇಲ್ಲಿ ನನ್ನ ಕಥೆ ಸ್ವಲ್ಪ ಹೇಳಬೇಕು. ನಾವು 1996ರಲ್ಲಿ ದಾಸರಹಳ್ಳಿ ಹತ್ತಿರ ಮನೆ ಕಟ್ಟಿದೆವು. ನಮ್ಮವರು ಆ ಕಡೆ ಒಂದು ಕಾರ್ಖಾನೆಯಲ್ಲಿದ್ದರು. ಸೈಕಲ್‌ನಲ್ಲಿ ಹತ್ತು ನಿಮಿಷ. ಊಟಕ್ಕೂ ಮನೆಗೇ ಬರುತ್ತಿದ್ದರು. ಇನ್ನೇನು ಬೇಕು ಅಂತ ಗೃಹಪ್ರವೇಶದಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ನಾಲ್ಕೇ ವರ್ಷ. 2000ದಲ್ಲಿ ಕಾರ್ಖಾನೆ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ, ಕೊಟ್ಟಿತು. ಮತ್ತೆ ಕೆಲಸ ಸಿಕ್ಕಿದ್ದು ಎಲ್ಲಿ? ಬೊಮ್ಮಸಂದ್ರದಲ್ಲಿ. ಊರಿನ ಈ ತುದಿಯಿಂದ ಆ ತುದಿ. ಜಾಲಹಳ್ಳಿ ಕ್ರಾಸಿಗೆ ಬೆಳಿಗ್ಗೆ 6:10ಕ್ಕೆ ಕಂಪನಿ ಬಸ್ಸು, ವಾಪಸ್ ರಾತ್ರಿ ಎಂಟರ ಹತ್ತಿರ. ಅದೇ ಹೊತ್ತಿಗೆ ನನಗೂ ಜಯನಗರದ ಬ್ರಾಂಚಿಗೆ ವರ್ಗ. ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಾಯಿಸಬೇಕು. ರಾತ್ರಿ ಹತ್ತಕ್ಕೆ ಮಾರನೇ ದಿನದ ಹುರುಳಿಕಾಯಿ ಹೆಚ್ಚುತ್ತಾ ಟೇಬಲ್ ಮೇಲೇ ನಿದ್ದೆ ಹೋದದ್ದುಂಟು. ಮಗ ಆಗ ಆರನೇ ಕ್ಲಾಸು. ಒಂದು ದಿನ ಅವನು ಪಕ್ಕದ ಮನೆಯವರ ಹತ್ತಿರ ಹೋಂವರ್ಕಿಗೆ ಸಹಿ ಹಾಕಿಸಿಕೊಂಡು ಹೋಗಿದ್ದ. ‘ನೀವಿಬ್ಬರೂ ಇರ್ಲಿಲ್ವಲ್ಲ’ ಅಂದ. ಸಿಟ್ಟಿರಲಿಲ್ಲ ಅವನಿಗೆ. ಸುಮ್ನೆ ಹೇಳಿದ.

ಮನೆ ಕಟ್ಟಿ ನೋಡು ಅನ್ನುತ್ತಾರಲ್ಲ, ನೋಡಿದ್ದಾಯಿತು. ಮೂರು ವರ್ಷ ಹಾಗೇ ಎಳೆದು, ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟು ಬನಶಂಕರಿ ಎರಡನೇ ಹಂತದಲ್ಲಿ ಬಾಡಿಗೆ ಮನೆ ಹಿಡಿದೆವು. ಬಂಧುಗಳೆಲ್ಲ ಅಂದವರೇ. ‘ಸ್ವಂತ ಮನೆ ಬಿಟ್ಟು ಬಾಡಿಗೆ ಮನೆಗೆ ಹೋಗೋರುಂಟಾ?’ ಅಲ್ಲಿ ಬರುವ ಬಾಡಿಗೆಗೆ ಒಂದಿಷ್ಟು ಸೇರಿಸಿ ಇಲ್ಲಿ ಕೊಟ್ಟರಾಯಿತು, ಅಷ್ಟೇ. ನಾನು ಬ್ರಾಂಚಿಗೆ ಒಂದೇ ಬಸ್ಸಿನಲ್ಲಿ ಹೋಗಿ, ಐದೂವರೆಗೆಲ್ಲ ಮನೆಯಲ್ಲಿರುತ್ತಿದ್ದೆ. ಅವರ ದಾರಿ ಪೂರ್ತಿ ಕಡಿಮೆಯಾಗಲಿಲ್ಲ. ಆದರೆ ಮಗ ಬಾಗಿಲು ಬಡಿದಾಗ ಒಳಗೆ ಒಬ್ಬರು ಇರುತ್ತಿದ್ದೆವು. ಅವನಿಗೆ ಬೇಕಾಗಿದ್ದೂ ಅಷ್ಟೇ.

ಅದಕ್ಕೇ ಕೇಳುತ್ತೇನೆ. ಮಧ್ಯಾಹ್ನ ಮೂರು ಗಂಟೆಗೆ ಸ್ಕೂಲಿನಿಂದ ಫೋನ್ ಬಂತು, ಮಗುವಿಗೆ ಜ್ವರ ಅಂತ. ಯಾರು ಹೋಗುತ್ತೀರಿ? ಬೆಳ್ಳಂದೂರಿನ ಮನೆಯಲ್ಲಿದ್ದರೆ ವಾರಕ್ಕೆ ಮೂರು ದಿನ ಇದಕ್ಕೆ ಉತ್ತರವೇ ಇಲ್ಲ. ನೀವೂ ಹೊರಗೆ, ಅವರೂ ಹೊರಗೆ, ಅಮ್ಮ ಊರಿನ ಆ ಕಡೆ. ಈಗ ಉತ್ತರ ಇದೆ. ಅಮ್ಮ ಚಪ್ಪಲಿ ಹಾಕಿಕೊಂಡು ಹೊರಡುತ್ತಾರೆ. ನಿಮ್ಮ ಕೆಲಸ ಮೂರು ವರ್ಷದಲ್ಲಿ ಬದಲಾಗಬಹುದು, ಅವರದೂ ಬದಲಾಗಬಹುದು, ಆಫೀಸೇ ಬೇರೆ ಕಡೆಗೆ ಹೋಗಬಹುದು. ಅತ್ತಿಗುಪ್ಪೆಯ ಅಮ್ಮ ಬದಲಾಗುವುದಿಲ್ಲ. ಮನೆಯನ್ನು ಅಲುಗಾಡದ ಗೂಟಕ್ಕೆ ಕಟ್ಟಬೇಕು. ನಾವು ಕಾರ್ಖಾನೆಗೆ ಕಟ್ಟಿದೆವು, ಗೂಟವೇ ಕಿತ್ತು ಹೋಯಿತು. ಅಮ್ಮನನ್ನೇ ಬೆಳ್ಳಂದೂರಿಗೆ ಕರೆದುಕೊಂಡು ಹೋಗುತ್ತೇವೆ ಅನ್ನಬೇಡಿ. ಅವರಿಗೆ ಅಲ್ಲಿ ಹೂವಿನವಳು ಗೊತ್ತು, ದೇವಸ್ಥಾನ ಗೊತ್ತು, ಸಂಜೆ ಕಟ್ಟೆ ಮೇಲೆ ಕೂರುವ ಗೆಳತಿಯರಿದ್ದಾರೆ. ಒಂಬತ್ತನೇ ಮಹಡಿಯಲ್ಲಿ ಏನಿದೆ ಅವರಿಗೆ?

ಹಾಗಾದರೆ ಏನು ಮಾಡಬೇಕು ಅಂದರೆ, ಮನೆ ಬದಲಾಯಿಸಿ. ಆದರೆ ಇಪ್ಪತ್ತು ಕಿಲೋಮೀಟರ್ ಅಲ್ಲ, ಎರಡು ಕಿಲೋಮೀಟರ್. ಅತ್ತಿಗುಪ್ಪೆ ಅಥವಾ ವಿಜಯನಗರ ಮೆಟ್ರೋ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ, ಅಮ್ಮನ ಮನೆಗೂ ನಡೆದು ಹೋಗುವಷ್ಟು ಹತ್ತಿರ ಒಂದು ಮನೆ ಹುಡುಕಿ. ಬಾಡಿಗೆ ನಾಲ್ಕೈದು ಸಾವಿರ ಜಾಸ್ತಿಯಾದರೂ ಕೊಡಿ. ನಿಮ್ಮ ಸಮಯ ತಿನ್ನುತ್ತಿರುವುದು ದೂರದ ಮೆಟ್ರೋ ದಾರಿಯಷ್ಟೇ ಅಲ್ಲ, ಮನೆಯಿಂದ ಸ್ಟೇಷನ್ನಿನವರೆಗಿನ ಆಟೋ ಕೂಡ. ಮಳೆ ಬಂದ ದಿನ ಅದೂ ಸಿಗುವುದಿಲ್ಲ, ಅಲ್ವಾ?

ಸ್ಟೇಷನ್ ಹತ್ತಿರವಾದರೆ ನಿಮ್ಮದು ಸಲೀಸು. 2023ರ ಅಕ್ಟೋಬರ್‌ನಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೂ ಒಂದೇ ಗಾಡಿ. ಅತ್ತಿಗುಪ್ಪೆಯಲ್ಲಿ ಹತ್ತಿದರೆ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯಬಹುದು, ಐಟಿಪಿಎಲ್ ಅಲ್ಲೇ. ಒಂದು ಗಂಟೆಯ ಆಸುಪಾಸು. ಮೆಜೆಸ್ಟಿಕ್‌ಗಿಂತ ಮುಂಚೆಯೇ ಹತ್ತುವುದರಿಂದ ಒಂದೊಂದು ದಿನ ಸೀಟೂ ಸಿಗಬಹುದು. 2025ರ ಫೆಬ್ರವರಿಯಲ್ಲಿ ದರ ಏರಿ ಗರಿಷ್ಠ ಟಿಕೆಟ್ 90 ರೂಪಾಯಿ ಆಯಿತಲ್ಲ, ನಿಮ್ಮ ದೂರಕ್ಕೆ ಅದೇ ಬೀಳುತ್ತದೆ. ದುಬಾರಿಯೇ. ಆದರೂ 29,000ದ ಪಕ್ಕದಲ್ಲಿ ಇಟ್ಟು ನೋಡಿ.

ನಿಮ್ಮ ಯಜಮಾನರದು ಇಷ್ಟು ಸುಲಭವಲ್ಲ, ಸುಳ್ಳು ಹೇಳುವುದಿಲ್ಲ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಅವರಿಗೂ ಮೆಟ್ರೋ ದಾರಿ ಇದೆ, ಆದರೆ ಎರಡು ಕಡೆ ಬದಲಾಯಿಸಬೇಕು. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ, ಆರ್.ವಿ. ರೋಡಿನಲ್ಲಿ ಹಳದಿಗೆ. ಮನೆಯಿಂದ ಲ್ಯಾಬಿನವರೆಗೆ ಒಂದೂವರೆ ಗಂಟೆ ಹಿಡಿಯಿರಿ. ಕಾರಿಗಿಂತ ಬೇಗ ಆಗದಿರಬಹುದು. ಆದರೆ ಸ್ಟಿಯರಿಂಗ್ ಹಿಡಿದು ಕೂತ ಒಂದೂವರೆ ಗಂಟೆ ಬೇರೆ, ಕಿವಿಗೆ ಹಾಡು ಹಾಕಿಕೊಂಡು ನಿಂತ ಒಂದೂವರೆ ಗಂಟೆ ಬೇರೆ. ರಾತ್ರಿ ಮಾತಾಡುವ ಸ್ಥಿತಿಯಲ್ಲಿರುವುದಿಲ್ಲ ಅಂದಿರಲ್ಲ, ಅದಕ್ಕೇ ಹೇಳುತ್ತಿದ್ದೇನೆ. ವಾರಕ್ಕೆ ಎರಡು ದಿನ ಹೀಗೆ ಹೋಗಿ ನೋಡಲಿ. ಲ್ಯಾಬಿಗೆ ಬೇಗ ಹೋಗಿ ಬೇಗ ಹೊರಡಲು ಬಿಡುತ್ತಾರಾ ಅಂತಲೂ ಕೇಳಲಿ. ಕೇಳಲು ಸಂಕೋಚವೇಕೆ?

ಒಂದು ವೇಳೆ ಅಮ್ಮ ತಾವಾಗಿಯೇ ‘ನಾನೂ ಬರ್ತೀನಿ’ ಅಂದರೆ, ಆಗ ಬೆಳ್ಳಂದೂರಲ್ಲ, ಆರ್.ವಿ. ರೋಡ್ ಸ್ಟೇಷನ್ ಸುತ್ತಮುತ್ತ ನೋಡಿ. ದಿನಾ ಹೋಗುವವರಿಗೆ ಬದಲಾವಣೆಯಿಲ್ಲದ ದಾರಿ ಸಿಗುತ್ತದೆ, ಮೂರು ದಿನದವರಿಗೆ ಮೆಜೆಸ್ಟಿಕ್‌ನಲ್ಲಿ ಒಂದು ಬದಲಾವಣೆ. ನಿಮ್ಮ ಮಾವನವರಿಗೂ ಖುಷಿ, ಜಯನಗರದ ಹೆಸರು ಬಂತಲ್ಲ! ಹೆಸರಿನ ವಿಷಯಕ್ಕೆ ಒಂದು ಮಾತು. ಇವತ್ತು ಎಲ್ಲರೂ ಆಸೆಪಡುವ ಮಲ್ಲೇಶ್ವರ, ಬಸವನಗುಡಿ ಎರಡೂ 1898ರ ಪ್ಲೇಗ್ ಕಾಲದಲ್ಲಿ ಪೇಟೆಯ ಜನ ಗಾಳಿ ಬೆಳಕು ಹುಡುಕಿಕೊಂಡು ಹೋದ ಊರಾಚೆಯ ಬಡಾವಣೆಗಳು. ಜಯನಗರಕ್ಕೆ ಅಡಿಗಲ್ಲು ಬಿದ್ದಿದ್ದು 1948ರಲ್ಲಿ, ಆಗ ಅದೂ ಊರಾಚೆಯೇ. ನಾನು ಆ ಬ್ರಾಂಚಿನಲ್ಲಿದ್ದಾಗ ಒಬ್ಬ ಹಿರಿಯ ಗ್ರಾಹಕರು ಹೇಳುತ್ತಿದ್ದರು, ‘ಇಲ್ಲಿ ಸೈಟ್ ತಗೊಂಡಾಗ ನಮ್ಮಪ್ಪ ನನ್ನನ್ನು ಹುಚ್ಚ ಅಂದಿದ್ದರು’ ಅಂತ. ಹೆಸರಿಗೆ ಬಾಡಿಗೆ ಕೊಡಬೇಡಿ. ಮರ, ಫುಟ್‌ಪಾತು, ನೀರಿಗೆ ಕೊಡಿ.

ನೀರು ಅಂದೆನಲ್ಲ. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅನ್ನುವ ಗಾದೆ ಇದೆ. ಬೆಂಗಳೂರಿನಲ್ಲಿ ಮನೆಗೆ ಬರುವ ಮುಂಚೆಯೇ ನೀರು ವಿಚಾರಿಸಬೇಕು. 2024ರ ಬೇಸಿಗೆ ಮರೆತಿಲ್ಲ ತಾನೇ? ಕಾವೇರಿ ಐದನೇ ಹಂತ ಅದೇ ವರ್ಷ ಅಕ್ಟೋಬರ್‌ನಲ್ಲಿ ಶುರುವಾಯಿತು, ಹೊರವಲಯದ 110 ಹಳ್ಳಿಗಳಿಗೆ ಅಂತ. ಆದರೂ ನಿಮ್ಮ ಮನೆಯ ನಲ್ಲಿಯಲ್ಲಿ ವಾರಕ್ಕೆ ಎಷ್ಟು ದಿನ ಬರುತ್ತದೆ ಅನ್ನುವುದೇ ಮುಖ್ಯ. ಇದನ್ನು ಓನರ್ ಹತ್ತಿರ ಕೇಳಬೇಡಿ, ಬ್ರೋಕರ್ ಹತ್ತಿರ ಕೇಳಲೇಬೇಡಿ. ಬೀದಿಯ ಮೂಲೆಯಲ್ಲಿ ಇಸ್ತ್ರಿ ಗಾಡಿ ಇರುತ್ತದೆ. ಎರಡು ಸೀರೆ ಕೊಟ್ಟು, ಇಸ್ತ್ರಿಯಾಗುವವರೆಗೆ ಅಲ್ಲೇ ನಿಂತುಕೊಳ್ಳಿ. ಯಾವ ಮನೆಗೆ ಟ್ಯಾಂಕರ್ ಬರುತ್ತದೆ, ಯಾವ ಮನೆಯಲ್ಲಿ ಬಾಡಿಗೆದಾರರು ವರ್ಷ ನಿಲ್ಲುವುದಿಲ್ಲ, ಅಡ್ವಾನ್ಸ್ ವಾಪಸ್ ಕೊಡುವಾಗ ಪೇಂಟಿಂಗ್ ಅಂತ ಯಾರು ಎಷ್ಟು ಹಿಡಿಯುತ್ತಾರೆ, ಎಲ್ಲ ಅವರಿಗೆ ಗೊತ್ತು. ನನ್ನ ಏಳು ಮನೆಗಳಲ್ಲಿ ಎರಡನ್ನು ಇಸ್ತ್ರಿಯವರ ಮಾತು ಕೇಳಿಯೇ ಹಿಡಿದದ್ದು. ಕೇಳದೆ ಹಿಡಿದ ಒಂದು ಮನೆಯಲ್ಲಿ ರಾತ್ರಿ ಎರಡಕ್ಕೆ ಎದ್ದು ಸಂಪಿನ ಮೋಟರ್ ಹಾಕುತ್ತಿದ್ದೆ.

ಮತ್ತೆ, ಮನೆ ನೋಡಲು ಭಾನುವಾರ ಬೆಳಿಗ್ಗೆ ಹೋಗಬೇಡಿ. ಬ್ರೋಕರ್ ಹೇಳುವ ಹತ್ತು ನಿಮಿಷ ಭಾನುವಾರದ ಹತ್ತು ನಿಮಿಷ. ಸೋಮವಾರ ಸಂಜೆ ಆರಕ್ಕೆ ಆಫೀಸಿನಿಂದ ನೇರ ಆ ಮನೆಗೇ ಹೋಗಿ, ಗಡಿಯಾರ ನೋಡಿಕೊಳ್ಳಿ. ನಿಮ್ಮವರಿಗೆ ಇನ್ನೂ ಬೆಳ್ಳಂದೂರಿನ ಮೇಲೆ ಮನಸ್ಸಿದ್ದರೆ ಅವರನ್ನೂ ಒಂದು ವಾರ ಹಾಗೇ ಓಡಾಡಿಸಿ. ವಾದ ಮಾಡುವ ಕೆಲಸ ರಸ್ತೆಗೇ ಬಿಡಿ.

ಪ್ರಶ್ನೆ: ಅಕ್ಕಾ ನಮಸ್ಕಾರ. ನಾನು ಪೀಣ್ಯದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತೀನಿ, ಟೈಲರ್. ಹೆಗ್ಗನಹಳ್ಳಿಯಲ್ಲಿ ಒಂದು ರೂಮು, ಅಡುಗೆಮನೆ. ಬಚ್ಚಲು ನಾಲ್ಕು ಮನೆಗೆ ಒಂದೇ. ನಡೆದುಕೊಂಡು ಹೋಗ್ತೀವಿ, ಐದು ಜನ ಜೊತೆಯಲ್ಲಿ. ನೆಲಮಂಗಲದ ಕಡೆ ನಾಲ್ಕು ಲಕ್ಷಕ್ಕೆ ಭೋಗ್ಯಕ್ಕೆ ಒಂದು ಮನೆ ಇದೆ. ದೊಡ್ಡದು, ಸ್ವಂತ ಬಚ್ಚಲು. ಬಾಡಿಗೆ ಇರೋದಿಲ್ಲ. ಬಸ್ಸು ಹೇಗೂ ಹೆಂಗಸರಿಗೆ ಫ್ರೀ. ಹೋಗಬಹುದಾ?
— ಒಬ್ಬ ತಂಗಿ

ಉತ್ತರ: ತಂಗಿ, ಸ್ವಂತ ಬಚ್ಚಲು ಬೇಕು ಅನ್ನುವುದು ಸಣ್ಣ ಆಸೆಯಲ್ಲ. ವಠಾರದಲ್ಲಿ ಬೆಳಿಗ್ಗೆ ಬಕೆಟ್ ಇಟ್ಟು ಸರದಿ ಕಾದವಳು ನಾನೂ. ಅದಕ್ಕೇ ಬೇಡ ಅಂತ ಒಂದೇ ಮಾತಿಗೆ ಹೇಳಲಾರೆ.

ಆದರೆ ಬಸ್ಸು ಫ್ರೀ ಅನ್ನುವುದನ್ನು ಸರಿಯಾಗಿ ನೋಡು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಟಿಕೆಟ್ ದುಡ್ಡು ಉಳಿಯಿತು, ತುಂಬಾ ಒಳ್ಳೆಯದೇ. ಟಿಕೆಟ್ ಫ್ರೀ, ಸಮಯ ಫ್ರೀ ಅಲ್ಲ. ಬಸ್ಸು ಎಂಟನೇ ಮೈಲಿಯಲ್ಲಿ ನಿಂತು ನೀನು ತಡವಾಗಿ ಹೋದರೆ ಗೇಟಿನಲ್ಲಿ ಏನು ಮಾಡುತ್ತಾರೆ ಅಂತ ನನಗಿಂತ ನಿನಗೇ ಗೊತ್ತು. ಓಟಿ ಇದ್ದ ದಿನ ರಾತ್ರಿ ಒಬ್ಬಳೇ ಬಸ್‌ಸ್ಟಾಪಿನಲ್ಲಿ ನಿಲ್ಲಬೇಕು. ಈಗ ಐದು ಜನ ಜೊತೆಯಲ್ಲಿ ಬರುತ್ತೀರಿ. ಆ ಜೊತೆಗೆ ಬೆಲೆ ಇಲ್ಲವಾ? ಮಾದಾವರದಿಂದ 2024ರ ನವೆಂಬರ್‌ನಿಂದ ಮೆಟ್ರೋ ಇದೆ, ಆದರೆ ಅದು ಫ್ರೀ ಅಲ್ಲ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಹೆಗ್ಗನಹಳ್ಳಿ, ರಾಜಗೋಪಾಲನಗರ, ಪೀಣ್ಯ ಸುತ್ತ ಸಣ್ಣದು ದೊಡ್ಡದು ಎಷ್ಟು ಕಾರ್ಖಾನೆ ಇದೆ! ಈ ಕಡೆ ಸೂಪರ್‌ವೈಸರ್ ಕಾಟ ಜಾಸ್ತಿಯಾದರೆ, ಸಂಬಳ ಏರಿಸದಿದ್ದರೆ, ಆ ಕಡೆ ನಡೆದು ಹೋಗಿ ಕೇಳಬಹುದು. ಆ ಧೈರ್ಯದ ಮೇಲೇ ನೀನು ಎದುರು ಮಾತಾಡುವುದು. ಮನೆ ದೂರ ಹೋದರೆ ಒಂದೇ ಕಾರ್ಖಾನೆಗೆ ಅಂಟಿಕೊಳ್ಳಬೇಕಾಗುತ್ತದೆ. ಮೇಲಿನ ಉತ್ತರದಲ್ಲಿ ಕೆಲಸದ ಪಕ್ಕ ಮನೆ ಕಟ್ಟಬೇಡಿ ಅಂತ ಬರೆದು ಇಲ್ಲಿ ಬೇರೆ ಹೇಳುತ್ತಿದ್ದೀನಿ ಅನ್ನಿಸಬಹುದು. ಒಂದೇ ಕೆಲಸದ ಪಕ್ಕ ಇರುವುದು ಬೇರೆ, ಹತ್ತು ಕೆಲಸಗಳ ನಡುವೆ ಇರುವುದು ಬೇರೆ. ನಿನ್ನದು ಎರಡನೆಯದು. ಬಿಡಬೇಡ.

ಹೆಗ್ಗನಹಳ್ಳಿಯಲ್ಲೇ, ಇಲ್ಲ ಲಗ್ಗೆರೆ ಕಡೆ, ಒಳಗೇ ಬಚ್ಚಲಿರುವ ಮನೆ ನೋಡು. ಚಿಕ್ಕದಾದರೂ ಸರಿ. ಭೋಗ್ಯವೇ ಬೇಕು ಅಂದರೆ ದುಡ್ಡು ಕೊಡುವ ಮುಂಚೆ ನಿಜವಾದ ಓನರ್ ಯಾರು, ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ನೋಡಿಕೋ. ಏಜೆಂಟ್ ಕೈಗೆ ದುಡ್ಡು ಕೊಡಬೇಡ. ಓನರ್ ಬ್ಯಾಂಕ್ ಖಾತೆಗೇ ಹಾಕು, ಪತ್ರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲಿ. ಸಾಲವಿರುವ ಮನೆಯನ್ನು ಭೋಗ್ಯಕ್ಕೆ ಕೊಟ್ಟು, ಓನರ್ ಕಂತು ಕಟ್ಟದೆ, ಬ್ಯಾಂಕಿನವರು ನೋಟಿಸ್ ಅಂಟಿಸಿದ್ದನ್ನು ನಾನೇ ನೋಡಿದ್ದೇನೆ. ಒಳಗಿದ್ದ ಹೆಂಗಸಿಗೆ ಆ ದಿನದವರೆಗೂ ಏನೂ ಗೊತ್ತಿರಲಿಲ್ಲ. ನಾಲ್ಕು ಲಕ್ಷ ಅಂದರೆ ನಿನಗೆ ಎಷ್ಟು ವರ್ಷದ ಹೊಲಿಗೆ?

ಪ್ರಶ್ನೆ: ಮೇಡಂ, ನಾನು ಹುಬ್ಬಳ್ಳಿಯವನು. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಮೊದಲ ಕೆಲಸ. ಗೆಳೆಯರೆಲ್ಲ ಬಿಟಿಎಂನಲ್ಲಿ ಪಿಜಿಯಲ್ಲಿದ್ದಾರೆ, ನಾನೂ ಅಲ್ಲೇ ಇದ್ದೇನೆ. 500ಡಿ ಬಸ್ಸಿನಲ್ಲಿ ದಿನಾ ಮೂರೂವರೆ ಗಂಟೆ ಹೋಗ್ತದ. ನಾಗವಾರಕ್ಕೆ ಹೋದರೆ ಒಬ್ಬನೇ ಆಗ್ತೀನಿ. ಬೈಕ್ ತಗೊಳ್ಳಲಾ?
— 23ರ ಹುಡುಗ

ಉತ್ತರ: ಹೊಸ ಊರು, ಹೊಸ ಕೆಲಸ. ಗೆಳೆಯರನ್ನು ಬಿಡು ಅಂತ ಹೇಳಲು ನನಗೂ ಮನಸ್ಸಿಲ್ಲ. ಆದರೆ ನೀನು ಮನೆ ಸೇರುವ ಹೊತ್ತಿಗೆ ಅವರೆಲ್ಲ ಉಂಡು ಮಲಗಿರುತ್ತಾರೆ, ಹೌದೋ ಅಲ್ಲವೋ? ಆರು ತಿಂಗಳು ನಾಗವಾರದ ಕಡೆ ಪಿಜಿ ಹಿಡಿ. ಶುಕ್ರವಾರ ಸಂಜೆ ಬಟ್ಟೆ ಬ್ಯಾಗಿಗೆ ಹಾಕಿಕೊಂಡು ಬಿಟಿಎಂಗೆ ಹೋಗು, ಭಾನುವಾರ ರಾತ್ರಿ ವಾಪಸ್ ಬಾ. ಈಗ ಸಿಗುವುದಕ್ಕಿಂತ ಜಾಸ್ತಿ ಸಿಗುತ್ತಾರೆ. ಗುಲಾಬಿ ಮಾರ್ಗದ ಮೆಟ್ರೋ ನಾಗವಾರದವರೆಗೆ ಬರುತ್ತದೆ, ಆಗ ಬನ್ನೇರುಘಟ್ಟ ರಸ್ತೆ ಕಡೆಯಿಂದ ಓಡಾಡುವುದು ಬೇರೆ ಮಾತು. ಓಡದ ಮೆಟ್ರೋ ನಂಬಿಕೊಂಡು ಮನೆ ಮಾಡಬೇಡ, ಅಷ್ಟೇ.

ಬೈಕು ಈಗ ಬೇಡ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಮಳೆಯಲ್ಲಿ ದಿನಾ ಬೈಕ್ ಓಡಿಸುವ ಮಗನ ತಾಯಿ ಹುಬ್ಬಳ್ಳಿಯಲ್ಲಿ ನಿದ್ದೆ ಮಾಡುವುದಿಲ್ಲ. ಹೊಸ ಪಿಜಿಗೆ ಅಡ್ವಾನ್ಸ್ ಕೊಡುವ ಮುಂಚೆ ಒಂದು ರಾತ್ರಿ ಅಲ್ಲಿ ಊಟ ಮಾಡಿ ನೋಡು. ಜೋಳದ ರೊಟ್ಟಿ ಸಿಗುತ್ತದೆ ಅಂದರೆ ನಂಬಬೇಡ, ತಟ್ಟೆಗೆ ಬಂದ ಮೇಲೆ ನಂಬು.